ಅಡ್ಡ ನಿಂತವನ ಬೆಲೆ ಎಷ್ಟು?

ಅಂಕಿಸಂಖ್ಯೆಗಳ ಕಡಲನ್ನು ಒಂದೇ ಗುಟುಕಿಗೆ ಹೀರಿದವರೂ, ಮನುಷ್ಯನ ಯೋಗ್ಯತೆಯನ್ನು ಎರಡು ದಶಾಂಶದವರೆಗೆ ಬಲ್ಲವರೂ, ಗಾಜಿನ ಕೋಣೆಯ ತಿರುಗುಕುರ್ಚಿಗೆ ಏಕಮಾತ್ರ ಒಡೆಯರೂ ಆದ, ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಒಪ್ಪಂದ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ, ತಂಡದ ಹನ್ನೊಂದನೇ ನಂಬರಿನ ಆಟಗಾರನ ತಮ್ಮನಾದ ನಾನು ಮೊಣಕಾಲೂರಿ ಸಲ್ಲಿಸುವ ಅಹವಾಲು.

ಮಾನ್ಯರೇ, ಅಣ್ಣನಿಗೆ ನೀವು ಕಳಿಸಿದ ಹೊಸ ಒಪ್ಪಂದ ತಲುಪಿತು. ಮೂರು ವರ್ಷದ್ದು ಒಂದು ವರ್ಷಕ್ಕಿಳಿದಿದೆ, ಸಂಬಳ ಅರ್ಧಕ್ಕೆ. ಕಾರಣ ಒಂದೇ ಸಾಲು: ‘ಪಂದ್ಯದ ಅಂಕಿಪಟ್ಟಿಯ ಪ್ರಕಾರ ಕೊಡುಗೆ ಕಡಿಮೆ.’ ಸೋಮವಾರದೊಳಗೆ ಸಹಿ ಬೀಳಬೇಕಂತೆ. ಹತ್ತು ವರ್ಷದ ಬೆವರನ್ನು ಐದು ಪದಗಳಲ್ಲಿ ಒರೆಸಿ ಹಾಕಿದ ನಿಮ್ಮ ಮಿತವ್ಯಯಕ್ಕೆ ನನ್ನ ಸಾಷ್ಟಾಂಗ.

ಅಣ್ಣನ ಕೆಲಸವೇನೆಂದು ತಮಗೆ ಗೊತ್ತೇ? ಅಡ್ಡ ನಿಲ್ಲುವುದು. ನಮ್ಮವನೊಬ್ಬ ಚೆಂಡು ಹಿಡಿದು ಬುಟ್ಟಿಯತ್ತ ನುಗ್ಗುವಾಗ, ಅವನ ಬೆನ್ನು ಹತ್ತಿದವನ ದಾರಿಯಲ್ಲಿ ಕಂಬದ ಹಾಗೆ ನಿಂತು ಎದೆಗೆ ಗುದ್ದಿಸಿಕೊಳ್ಳುವುದು. ಅಂಕ ನುಗ್ಗಿದವನಿಗೆ, ಚಪ್ಪಾಳೆಯೂ ಅವನಿಗೇ. ಗುದ್ದಿಸಿಕೊಂಡದ್ದನ್ನು ಬರೆಯಲು ಪಟ್ಟಿಯಲ್ಲಿ ಜಾಗವೇ ಇಲ್ಲ. ತಂಡದಲ್ಲೊಂದು ವಾಡಿಕೆ ಮಾತ್ರ ಇದೆ: ಚೆಂಡು ಹಾಕಿದವನು ಹಿಂದಿರುಗಿ ಓಡುತ್ತ, ಅಡ್ಡ ನಿಂತವನ ಕಡೆ ಒಮ್ಮೆ ಬೆರಳು ತೋರಿಸುತ್ತಾನೆ. ಅಷ್ಟು ಹೊತ್ತಿಗೆ ತಾವು ಫಲಕದಲ್ಲಿ ಅಂಕಿ ಬದಲಾಗುವುದನ್ನು ನೋಡುತ್ತಿರುತ್ತೀರಿ.

ತಮ್ಮ ವಿಧಾನವನ್ನು ಮನೆಯಲ್ಲೂ ಪ್ರಯೋಗಿಸಿದೆ. ನಮ್ಮ ಮುಂಬಾಗಿಲಿನ ಚಿಲಕ ಇಡೀ ವರ್ಷ ಒಂದೇ ಒಂದು ಅಂಕ ಗಳಿಸಿಲ್ಲ. ಕಿತ್ತು ಬಿಸಾಡೋಣವೇ? ತಮ್ಮ ಅಪ್ಪಣೆಗೆ ಕಾಯುತ್ತಿದ್ದೇನೆ.

ನಿನ್ನೆ ಅಣ್ಣ ಅಡುಗೆಮನೆಯ ಸ್ಟೂಲಿನ ಮೇಲೆ ಕಾಲು ಚಾಚಿ, ಊದಿದ ಮಂಡಿಗೆ ಐಸ್ ಚೀಲ ಒತ್ತಿಕೊಂಡು ಆ ಕಾಗದ ಓದುತ್ತಿದ್ದ.

“ಕಡಿಮೆ ಅಂದ್ರೆ ಏನೋ ಅದು?” ಅಂದಳು ಅಮ್ಮ. “ಮೈಯೆಲ್ಲಾ ಹಣ್ಣಾಗಿ ಬರ್ತೀಯಲ್ಲೋ ದಿನಾ!”

“ಮೈ ಹಣ್ಣಾಗೋದಕ್ಕೆ ಅಂಕ ಕೊಡಲ್ಲಮ್ಮ.”

“ಆ ಪಟ್ಟಿ ಬರೆಯೋನನ್ನ ಇಲ್ಲಿಗೆ ಕರ್ಕೊಂಡು ಬಾ, ನಾನು ಕೇಳ್ತೀನಿ.”

ನಾನು ಎಂದಿನಂತೆ ತಮಾಷೆಗಿಳಿದೆ. “ಏ ಕಂಬ, ಸಹಿ ಹಾಕ್ಬೇಡ. ಬಸ್ ಸ್ಟಾಪಲ್ಲಿ ನಿಂತ್ಕೋ, ನೋಟಿಸ್ ಅಂಟಿಸೋರು ಬಾಡಿಗೆ ಕೊಡ್ತಾರೆ.”

ಯಾವಾಗಲೂ ಇಂಥ ಮಾತಿಗೆ ತಲೆಗೊಂದು ಮೊಟಕುವವನು ಈ ಸಲ ಕೈ ಎತ್ತಲಿಲ್ಲ. ಕಾಗದ ಮಡಚುತ್ತ ಮೆಲ್ಲಗೆ ಹೇಳಿದ: “ಅವ್ರು ಹೇಳೋದು ಸರಿ ಇರ್ಬೋದು ಕಣೋ. ನಾನು ಅಷ್ಟೇ ಇರ್ಬೋದು.”

ಮಾನ್ಯರೇ, ಸಂಬಳ ಕತ್ತರಿಸುವ ಅಧಿಕಾರ ತಮಗಿದೆ, ಒಪ್ಪುತ್ತೇನೆ. ಆದರೆ ಆರಡಿ ಐದಿಂಚಿನ ಮನುಷ್ಯ ತನ್ನನ್ನೇ ಕಡಿಮೆಯೆಂದು ನಂಬುವ ಹಾಗೆ ಮಾಡಲು ಯಾವ ಕಲಮಿನಲ್ಲಿ ಅನುಮತಿ ಪಡೆದಿರಿ?

ನನ್ನ ಬೇಡಿಕೆ ಇಷ್ಟು: ಸೋಮವಾರದ ಗಡುವು ಮುಂದೂಡಿ. ಶನಿವಾರದ ಪಂದ್ಯಕ್ಕೆ ಬನ್ನಿ. ಹತ್ತೇ ನಿಮಿಷ ಚೆಂಡನ್ನು ಬಿಟ್ಟು ಹನ್ನೊಂದನೇ ನಂಬರನ್ನು ಮಾತ್ರ ನೋಡಿ. ಆಮೇಲೆ ಬೆಲೆ ಕಟ್ಟಿ.

ಹಾಗೆಯೇ, ಶನಿವಾರ ಅಂಕಿಪಟ್ಟಿಯ ಮೇಜಿಗೆ ಬೇರೆ ಯಾರನ್ನಾದರೂ ಕೂರಿಸಿ. ಮೂರು ವರ್ಷದಿಂದ ಅಲ್ಲಿ ಕೂತು ಬರೆಯುತ್ತಿರುವವನು ನಾನೇ. ಇಬ್ಬರ ಕೈ ತಾಗಿದ ಚೆಂಡು ಯಾರ ಲೆಕ್ಕಕ್ಕೆಂದು ತೀರ್ಮಾನಿಸುವವನೂ ನಾನೇ. ‘ತಮ್ಮ ಅಣ್ಣನಿಗೆ ಬರ್ಕೊಡ್ತಾನೆ’ ಎಂದು ಯಾರೂ ಆಡಿಕೊಳ್ಳಬಾರದೆಂದು, ಅಣ್ಣನದೋ ಇನ್ನೊಬ್ಬನದೋ ಎಂದು ಅನುಮಾನ ಬಂದ ಚೆಂಡುಗಳನ್ನೆಲ್ಲ ಬೇರೆಯವರ ಹೆಸರಿಗೆ ಬರೆದೆ. ಒಂದನ್ನೂ ಬಿಡದೆ.

ಇಂತಿ,
ಇದನ್ನು ಅಣ್ಣನಿಗೆ ಇನ್ನೂ ಹೇಳಿರದ,
ಅತಿ ಪ್ರಾಮಾಣಿಕ ತಮ್ಮ