ನಿದ್ದೆ ಹೋದವಳನ್ನು ಹೊತ್ತವರು

ಅಕ್ಟೋಬರ್ 12, ಭಾನುವಾರ

ಸಾರಿ. ಯಾರಿಗೆ ಹೇಳುತ್ತಿದ್ದೇನೋ ಗೊತ್ತಿಲ್ಲ. ನಾಳೆ ಇಂಟರ್ನಲ್ಸ್, ಬರೆಯುತ್ತಾ ಕೂರುವ ಹೊತ್ತಲ್ಲ. ಆದರೂ...

ಇವತ್ತೂ ಗೇಮ್ ನಡೆಸಿದೆ. ಮಧುಶ್ರೀ ಅಪ್ಪನ ರೇಷ್ಮೆ ನೂಲಿನ ಅಂಗಡಿ, ಅದರ ಮೇಲಿನ ರೂಮು. ಕಥೆ ಹೇಳುವವಳು ನಾನು. ಕಥೆಯೊಳಗೆ ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುವವರು ಮಧುಶ್ರೀ, ಮಣಿಕಂಠ, ಮಹದೇವಿ. ಗೆಲುವು ಸೋಲು ಸ್ಟೀಲ್ ಲೋಟದೊಳಗಿನ ನಂಬರ್ ಚೀಟಿಗಳದು — ಈ ಆಟಕ್ಕೆ ಬೇಕಾದ ಇಪ್ಪತ್ತು ಮುಖದ ದಾಳ ಕೊಳ್ಳೇಗಾಲದಲ್ಲಿ ಎಲ್ಲಿ ಸಿಗಬೇಕು?

ಮಹದೇವಿ ಬರಲಿಲ್ಲ. ದಸರಾ ರಜೆಗೆ ಬೆಟ್ಟದ ಮನೆಗೆ, ಅಮ್ಮನ ಅಂಗಡಿ ಇರುವಲ್ಲಿಗೆ ಹೋದವಳು ಇನ್ನೂ ವಾಪಸಾಗಿಲ್ಲ. ಫೋನ್ ಸ್ವಿಚ್ ಆಫ್. ಹಿಂದೆ ಯಳಂದೂರು ಹಾಸ್ಟೆಲ್‌ನಲ್ಲಿದ್ದಾಗ ಮಧುಶ್ರೀಗೆ ಚಿಕನ್‌ಪಾಕ್ಸ್ ಆಗಿತ್ತು; ಆಗ ಮಹದೇವಿಯೇ ಮಾಡಿದ ರೂಲ್: ಬಾರದವರ ಪಾತ್ರ ನಿದ್ದೆ ಹೋಗುತ್ತದೆ, ಉಳಿದವರು ಹೊತ್ತು ನಡೆಯಬೇಕು. ಬಿಟ್ಟರೆ ಸತ್ತ ಹಾಗೆ.

ಮಹದೇವಿಯ ಪಾತ್ರವಾದ ವೈದ್ಯೆಯನ್ನು ಮಣಿಕಂಠನ ಸೈನಿಕ ಹೊತ್ತ.

ನವೆಂಬರ್ 2, ಭಾನುವಾರ

ಮೂರು ವಾರ ಏನೂ ಬರೆದಿಲ್ಲ. ಮಹದೇವಿ ಇನ್ನೂ ಬಂದಿಲ್ಲ, ಬರೆಯಲು ಏನಿದೆ?

ಇವತ್ತು ಹೊಳೆ ದಾಟುವ ಸೀನ್. ನೀರು ಎದೆಮಟ್ಟ. ಮಣಿಕಂಠ ರೇಗಿದ.

"ಎಷ್ಟ್ ವಾರ ವೊತ್ಕಂಡ್ ತಿರುಗದು ಇವಳ್ನ? ಕತ್ತಿ ಇಡಿಯಕೂ ಕೈ ಇಲ್ಲ!"

"ಉಣ್ಣಲ್ಲ, ಮಾತಾಡಲ್ಲ. ನಿನಗಿಂತ ವಾಸಿ ಕಣ್ಲಾ, ವೊತ್ಕೊ" ಅಂದಳು ಮಧುಶ್ರೀ.

"ಬುಟ್ಬುಡ್ಲಾ? ಯೋಳೇ ಶಿವರಂಜನಿ, ನೀನೇ ಯೋಳು" ಅಂತ ನನ್ನತ್ತ ತಿರುಗಿದ.

ಲೋಟ ಕುಲುಕಬೇಕಿತ್ತು. ಪಕ್ಕಕ್ಕೆ ಸರಿಸಿದೆ. ಕ್ಲಾಸಿನಲ್ಲಿ ಅಟೆಂಡೆನ್ಸ್‌ಗೆ 'ಪ್ರೆಸೆಂಟ್' ಅನ್ನಲೂ ನನಗೆ ದನಿ ಏಳುವುದಿಲ್ಲ. ಕಥೆ ಹೇಳುವಾಗ ಮಾತ್ರ ಏಳುತ್ತದೆ — ಎದುರಿಗೆ ಗಲ್ಲಕ್ಕೆ ಕೈಕೊಟ್ಟು 'ಆಮೇಲೆ?' ಅನ್ನುವ ಮಹದೇವಿ ಇದ್ದರೆ.

ತಲೆನೋವು ಅಂತ ಗೇಮ್ ನಿಲ್ಲಿಸಿದೆ. ಎಲ್ಲರೂ ನಡುನೀರಿನಲ್ಲೇ ನಿಂತರು.

ನವೆಂಬರ್ 5, ಬುಧವಾರ

ಮಣಿಕಂಠ ಕ್ಯಾಂಟೀನಿಗೆ ಓಡಿಬಂದ. ಹನೂರು ಬಸ್‌ಸ್ಟ್ಯಾಂಡಿನಲ್ಲಿ ಮಹದೇವಿ ಸಿಕ್ಕಿದ್ದಳಂತೆ.

"ಅವರಮ್ಮ ಬಿದ್ದು ಕಾಲು ಮುರ್ಕಂಡವ್ರೆ. ಬೆಟ್ಟದಲ್ಲಿ ಅಂಗಡಿ ಈಗ ಇವಳ್ದೇ. ಕಾಲೇಜ್‌ಗೆ ಇನ್ ಬರಲ್ವಂತೆ ಕಣೆ."

ಕೈಯಲ್ಲಿದ್ದ ಟೀ ಆರಿತು.

"ಇನ್ನೇನಂದ್ಲು?"

"ನನ್ ವೈದ್ಯೆ ಸತ್ತೋದ್ಲಾ ಅಂತ ಕೇಳುದ್ಲು."

"ನೀನು?"

"ವೊತ್ಕಂಡಿವ್ನಿ ಅಂದೆ." ತಲೆ ಕೆರೆದುಕೊಂಡ. "ಇನ್ನೇನ್ ಅನ್ಲಿ?"

"ನಕ್ಕಳಾ?"

"ಬಸ್ ಬಂತು. ಮುಖ ಕಾಣ್ನಿಲ್ಲ. ಅವರಮ್ಮನ ನಂಬರ್ ಕೊಟ್ಟವ್ಳೆ, ತಕೊ."

ನವೆಂಬರ್ 6, ಬೆಳಿಗ್ಗೆ

ಮೆಸೇಜ್ ಟೈಪ್ ಮಾಡಿ ಅಳಿಸಿ, ಟೈಪ್ ಮಾಡಿ ಅಳಿಸಿ... ಇಲ್ಲಿ ಬರೆದುಕೊಂಡು ಹಾಗೇ ಕಳಿಸುತ್ತೇನೆ.

ಮಹದೇವಿ, ಕಾಲೇಜ್ ವಿಷಯ ಕೇಳಲ್ಲ. ಹೊಳೆ ಇನ್ನೂ ದಾಟಿಲ್ಲ. ನೀನು ಮಣಿಕಂಠನ ಹೆಗಲ ಮೇಲೆ. ಭಾನುವಾರ ನಾವು ಮೂವರೂ ಮೊದಲ ಬಸ್ಸಿಗೆ ಬೆಟ್ಟಕ್ಕೆ ಬರ್ತೀವಿ, ಲೋಟ ಚೀಟಿ ಎಲ್ಲ ತಗೊಂಡು. ಗಿರಾಕಿ ಬಂದಾಗ ನೀನು ಎದ್ದು ಹೋಗು, ಅಷ್ಟು ಹೊತ್ತು ನಿನ್ನ ವೈದ್ಯೆ ನಿದ್ದೆ ಮಾಡಲಿ. ಅಂಗಡಿ ಹಿಂದೆ ನಾಲ್ಕು ಜನ ಕೂರೋಕೆ ಜಾಗ ಇದೆಯಾ? ಬೇಗ ರಿಪ್ಲೈ ಮಾಡು.