ಕೆಳಗಿನ ಬಾಣ ಒಂದು ಸಲ

ಜುಲೈ 3, ಗುರುವಾರ. ಸಂಜೆ ಆರೂವರೆ.

ಅಂಗಡಿ ಗುಡಿಸಿದೆ. ಒಂದು ಮಂಚದ ಕಾಲುಗಳಿಗೆ ಎರಡನೇ ಸಲ ಪಾಲಿಶ್ ಹೊಡೆದೆ. ಕೆತ್ತುವ ಮೆಷಿನ್ ಮೇಲಿನ ಬಟ್ಟೆ ತೆಗೆದು, ಧೂಳು ಒರೆಸಿ, ಮತ್ತೆ ಹೊದಿಸಿದೆ. ಬಟ್ಟೆಯ ಅಡಿ ಹಂಪಸಾಗರದ ಹನುಮಣ್ಣನವರ ಮುಂಬಾಗಿಲು ಹಾಗೇ ಮಲಗಿದೆ. ಅದರಲ್ಲಿ ಕೆತ್ತುತ್ತಿದ್ದದ್ದು ಮೈಲಾರಲಿಂಗನ ಕುದುರೆ. ತಲೆ, ಮುಂಗಾಲು ಆಗಿವೆ. ಹಿಂಗಾಲು ಇನ್ನೂ ತೇಗದ ಒಳಗೆ. ನಮ್ಮ ಯಜಮಾನರು ಊಟಕ್ಕೆಂದು ಮೆಷಿನ್ ನಿಲ್ಲಿಸಿ ಮನೆಗೆ ಬಂದವರು. ಎದೆ ಹಿಡಿದುಕೊಂಡರು. ತಿರುಗಿ ಅಂಗಡಿಗೆ ಹೋಗಲಿಲ್ಲ.

ಸೂತಕ ಕಳೆದ ದಿನ ನನ್ನ ನೆಗೆಣ್ಣಿ ದ್ಯಾಮಕ್ಕ ಮನೆ, ಅಂಗಡಿ ಎಲ್ಲ ಕಡೆ ಗಂಜಳ ಚಿಮುಕಿಸಿದಳು. ಮೆಷಿನ್ ನಡೆಸುವ ಕಂಪ್ಯೂಟರಿಗೂ. ಇವರು ದಿನಾ ಮುಟ್ಟುತ್ತಿದ್ದದ್ದು ಅಂತ ಅದಕ್ಕೆ ಎರಡು ಸಲ. ಗಾಳಿ ಆಡುವ ತೂತಿನೊಳಗೆ ಇಳಿದಿದೆ. ಸ್ವಿಚ್ ಹಾಕಿದಾಗ ಟಪ್ ಅಂತು. ಅಷ್ಟೇ. ಅವಳ ಮೇಲೆ ಸಿಟ್ಟಿಲ್ಲ. ಅವಳು ಮಾತ್ರ ನನ್ನ ಮುಖ ನೋಡುತ್ತಿಲ್ಲ.

ಬೆನಕಪ್ಪ ಭಾವ ಬಂದಿದ್ದರು. ಇವರ ಅಣ್ಣ, ದ್ಯಾಮಕ್ಕನ ಗಂಡ. ಹರಪನಹಳ್ಳಿಯವರೊಬ್ಬರು ಮೆಷಿನ್ ಕೇಳಿದ್ದಾರಂತೆ.

“ಮುಂದಿನ ಗುರುವಾರ ಗಾಡಿ ತರ್ತಾರ. ಕೊಟ್ಬಿಡಾನು. ಓಡ್ಸಾವನಾ ಹೋದ ಮ್ಯಾಲೆ ಇಟ್ಕಂಡು ಏನ್ ಮಾಡ್ತಿ?”

“ನಾನು ಓಡಿಸ್ತೀನಿ ಭಾವಾ.”

“ನೀನಾ?”

“ಇಷ್ಟು ವರ್ಸ ಪಕ್ಕದಾಗ ನಿಂತು ನೋಡೀನಲ್ಲ.”

ಭಾವ ಬಟ್ಟೆಯ ತುದಿ ಎತ್ತಿ ಕುದುರೆ ನೋಡಿದರು. “ಗುರುವಾರದೊಳಗ ಓಡ್ಸಿ ತೋರ್ಸವ್ವಾ ಗೀತಾ. ಗಾಡಿ ಬ್ಯಾಡ ಅಂತೀನಿ.”

ಜುಲೈ 5, ಶನಿವಾರ. ಮಧ್ಯಾಹ್ನ, ಕೊಟ್ಟೂರು ಬಸ್‌ಸ್ಟ್ಯಾಂಡ್.

ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದೇನೆ. ಪಕ್ಕದಲ್ಲಿ ಗೋಣಿಚೀಲದಲ್ಲಿ ಕಂಪ್ಯೂಟರ್.

ಬೆಳಿಗ್ಗೆ ರಾಮಾಂಜಿನಿ ಅವರ ರಿಪೇರಿ ಅಂಗಡಿಯಲ್ಲಿ ಬಿಚ್ಚಿ ನೋಡಿದೆವು. ಬೋರ್ಡ್ ಸುಟ್ಟಿದೆ. ಡಿಸ್ಕ್ ಬದುಕಿದೆ—ಇವರು ಮಾಡಿದ ಡಿಸೈನ್ ಎಲ್ಲ ಅದರಲ್ಲೇ. ನಮ್ಮ ಮೆಷಿನ್ ಕೇಬಲ್ ಕೂರುವ ಅಗಲದ ಪೋರ್ಟ್ ಈಗಿನ ಕಂಪ್ಯೂಟರುಗಳಿಗೆ ಇರುವುದಿಲ್ಲವಂತೆ. ಅಟ್ಟದಿಂದ ಒಂದು ಇನ್ನೂ ಹಳೆಯ ಕಂಪ್ಯೂಟರ್ ಇಳಿಸಿ ಡಿಸ್ಕ್ ಹಾಕಿದರು. ಕಪ್ಪು ಪರದೆ. ಇಂಗ್ಲಿಷಿನಲ್ಲಿ ಒಂದೇ ಸಾಲು.

“ಬಸ್ ಐತಿ, ಡ್ರೈವರ್ ಅದಾನ. ರೈಟ್ ಅನ್ನಾಕ ಕಂಡಕ್ಟರ್ ಇಲ್ಲ ನೋಡ್ರಿ,” ಅಂದರು. “ಅದಕ್ಕ ಬೂಟ್‌ಲೋಡರ್ ಅಂತಾರ. ನಿಮ್ಮ ಡಿಸ್ಕಿನಾಗಿರಾದು ಹೊಸ ನಮೂನಿದು. ಈ ಮುದುಕಗ ಅದರ ಗುರ್ತು ಹತ್ತವಲ್ದು. ಫಾರ್ಮ್ಯಾಟ್ ಹೊಡ್ದು ವಿಂಡೋಸ್ ಹಾಕ್ಲಾ? ಅರ್ಧ ತಾಸಿನ ಕೆಲ್ಸ.”

“ಕುದುರಿ ಉಳಿತೈತಾ?”

“ಯಾವ ಕುದುರಿರೀ?”

ಹೇಳಿದೆ.

“ಏನೂ ಉಳಿಯಂಗಿಲ್ಲ.”

“ಹಂಗಾರ ಬ್ಯಾಡ.”

ತಲೆ ಕೆರೆದುಕೊಂಡರು. ಹಗುರದ್ದು, ಚಿಕ್ಕದು, ಇನ್ನೊಂದು ಬೂಟ್‌ಲೋಡರ್ ಇದೆ, ಡಿಸೈನ್ ಮುಟ್ಟದೆ ಹಾಕಬಹುದು ಅಂದರು. ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸಿದರು. ಕೀಬೋರ್ಡ್ ನನ್ನ ಕಡೆ ಎಳೆದುಕೊಂಡೆ.

“ನಾನಾ ಒತ್ತತೀನಿ. ಮನಿಯಾಗ ನೀವಿರಂಗಿಲ್ಲ.”

ಅವರು ಒಂದೊಂದೇ ಅಕ್ಷರ ಹೇಳಿದರು. ಹುಡುಕಿ ಹುಡುಕಿ ಒತ್ತಿದೆ. ಎಂಟರ್. ಪರದೆ ಏನೂ ಹೇಳಲಿಲ್ಲ.

“ಕೆಡ್ತಾ?”

“ಸುಮ್ನೈತಿ ಅಂದ್ರ ಒಪ್ಪೈತಿ ಅಂತ. ನಮ್ಮ ಮಾವ ಇದ್ದಂಗ.”

ಆಮೇಲೆ ಡಿಸ್ಕಿನಲ್ಲಿರುವ ಯಾವ ಸಿಸ್ಟಮ್ ಎಬ್ಬಿಸಬೇಕು ಅಂತ ಅದಕ್ಕೆ ಬರೆದಿಡುವ ಕೆಲಸ. “ಇಲ್ಲಿ ಎರಡದಾವ. ಇರ್ಲಿ, ಮೊದಲ್ನೇದು ಹಾಕಾನು.” ಹಾಕಿದೆವು. ಆಫ್ ಮಾಡಿ ಆನ್ ಮಾಡಿದರು.

ಇವರು ಹಾಕಿಕೊಂಡಿದ್ದ ನವಿಲಿನ ಚಿತ್ರ ಬಂತು. ನೀರು ಕುಡಿದು ಬರುತ್ತೇನೆ ಅಂತ ಹೊರಗೆ ಬಂದೆ.

ಬಸ್ ಬಂತು...

ಜುಲೈ 8, ಮಂಗಳವಾರ. ಮಧ್ಯಾಹ್ನ ಮೂರು.

ಎರಡು ದಿನ ಬರೆಯುವುದಕ್ಕೆ ಮನಸ್ಸಾಗಲಿಲ್ಲ. ಮೆಷಿನ್ ಸರಿ ಓಡುತ್ತಿಲ್ಲ.

ಇವರ ಪದ್ಧತಿ—ಮೊದಲು ಗಾಳಿಯಲ್ಲಿ. ಕೆತ್ತುವ ಬಿಟ್‌ನ ಮೊನೆ ಮರಕ್ಕೆ ತಾಗದ ಹಾಗೆ ಮೇಲೆತ್ತಿ, ಕೆಲಸ ಪೂರ್ತಿ ಓಡಿಸಿ ನೋಡುವುದು. ಹಾಗೇ ಮಾಡಿದೆ. ಮೋಟರ್ ತಡವರಿಸುತ್ತದೆ. ನಿಲ್ಲುತ್ತದೆ, ಜಿಗಿಯುತ್ತದೆ. ಮರದ ಮೇಲೆ ಇಳಿಸಿದ್ದರೆ ಕುದುರೆಯ ಮುಖ ಹೋಗುತ್ತಿತ್ತು.

ರಾಮಾಂಜಿನಿ ಅವರಿಗೆ ಫೋನ್ ಮಾಡಿದೆ. “ಹಳೇದೈತಲ್ರೀ ಅಕ್ಕಾರ, ಅದರ ತಾಕತ್ತು ಅಷ್ಟಾ.” ಇನ್ನೇನು ಭಾವನಿಗೆ ಹೇಳಿಬಿಡೋಣ ಅಂದುಕೊಂಡೆ.

ರೊಟ್ಟಿ ಬಡಿಯುತ್ತಾ ಕೂತಿದ್ದೆ. ಇವರ ಕೈ ನೆನಪಾಯಿತು. ಮುಖ ಅಲ್ಲ, ಕೈ. ದಿನಾ ಬೆಳಿಗ್ಗೆ ಎಡಗೈಯಲ್ಲಿ ಚಾ ಲೋಟ. ಬಲಗೈ ಬೆರಳು—ಕೆಳಗಿನ ಬಾಣ ಒಂದು ಸಲ, ಎಂಟರ್. ಪರದೆ ನೋಡುತ್ತಲೂ ಇರಲಿಲ್ಲ. ಆಗ ಪರದೆಯಲ್ಲಿ ಎರಡು ಸಾಲು ಇರುತ್ತಿದ್ದವು. ಯಾವಾಗಲೂ ಕೆಳಗಿನದು.

ರೊಟ್ಟಿ ಸೀದಿತು. ಹಿಟ್ಟಿನ ಕೈಯಲ್ಲೇ ಫೋನ್ ಮಾಡಿದೆ.

“ಎರಡದಾವ ಅಂದಿದ್ರಲ್ಲ. ಇವರು ಎರಡನೇದು ಒತ್ತತಿದ್ರು.”

“ಎಲಾ ಇವನ! ತಡೀರಿ ತಡೀರಿ. ಮೋಟರಿಗೆ ಟೈಮ್ ತಪ್ಪದಂಗ ಬ್ಯಾರೆ ಇಟ್ಟಾರ ಆ ಎರಡನೇದನ್ನ. ನಾನು ನೋಡ್ಲೇ ಇಲ್ಲ ನೋಡ್ರಿ. ಈಗ ಹೇಳ್ತೀನಿ, ಒತ್ರಿ.”

ಫೋನ್ ಭುಜಕ್ಕೆ ಒತ್ತಿಕೊಂಡು ಆ ಸಾಲುಗಳನ್ನೂ ಸೇರಿಸಿದೆ. ಮೆಷಿನ್ ಸಲುವಾಗಿ ಇರುವುದನ್ನೇ ಮೇಲೆ ಇಟ್ಟೆ. ಬಾಣ ಒತ್ತುವ ಗೋಜು ಬೇಡ ಅಂತ.

ಕರೆಂಟ್ ಹೋಯಿತು. ನಾಳೆ ಒಂದೇ ದಿನ ಉಳಿದಿದೆ.

ಜುಲೈ 9, ಬುಧವಾರ. ಸಂಜೆ ಆರು.

ಬೆಳಿಗ್ಗೆ ದ್ಯಾಮಕ್ಕ ವಿಭೂತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ.

“ಹೊಸಾ ಕಂಪ್ಯೂಟರ್. ಪೂಜಿ ಮಾಡ್ಬೇಕಲ್ಲ... ಎಲ್ಲಿ ಹಚ್ಲಿ?”

“ಟೇಬಲ್ಲಿಗೆ ಹಚ್ಚು ಅಕ್ಕಾ.”

“ಟೇಬಲ್ಲಿಗೇ ಹಚ್ತೀನಿ ತಾಯಿ. ಅದರ ತಂಟೀಗೆ ಹೋಗಂಗಿಲ್ಲ. ಹನಿ ನೀರೂ ತಂದಿಲ್ಲ ನೋಡು.” ಎರಡೂ ಕೈ ಚಾಚಿ ತೋರಿಸಿದಳು. ನಗು ಬಂತು. ಅವಳು ಅತ್ತಳು.

ಸ್ವಿಚ್ ಹಾಕಿದೆ. ಎರಡು ಸಾಲು ಬಂದವು. ಬೆರಳು ತಾನೇ ಹೋಗಿ ಕೆಳಗಿನ ಬಾಣ ಒತ್ತಿತು, ಎಂಟರ್ ಒತ್ತಿತು. ಗಾಳಿಯಲ್ಲಿ ಓಡಿಸಿದೆ. ಮತ್ತೆ ತಡವರಿಕೆ. ಆಗ ತಿಳಿಯಿತು, ಮೇಲಿಟ್ಟದ್ದನ್ನು ಬಿಟ್ಟು ಕೆಳಗಿನದನ್ನು ಆರಿಸಿದ್ದೇನೆ. ನಾನು ಯಾವತ್ತೂ ಆ ಗುಂಡಿ ಒತ್ತಿದವಳಲ್ಲ. ನೋಡಿ ನೋಡಿಯೇ ಬೆರಳಿಗೆ ಬಂದಿದೆ.

ಸಾಲು ಅದಲುಬದಲು ಮಾಡಿದೆ. ಇವರು ಇಟ್ಟ ಹಾಗೆ. ಕೆಳಗಿನ ಬಾಣ, ಎಂಟರ್. ಗಾಳಿಯಲ್ಲಿ ಒಂದೇ ಸಮ ಓಡಿತು.

ಕೆತ್ತುವ ಬಾಗಿಲಿನ ಮೂಲೆಯಲ್ಲಿ, ಶುರುವಿನ ಜಾಗಕ್ಕೆ ಇವರು ಹಾಕಿದ ಪೆನ್ಸಿಲ್ ಗುರುತಿಗೆ ಬಿಟ್ ತಂದು ನಿಲ್ಲಿಸಿದೆ. ಕೂದಲೆಳೆ ಆಚೀಚೆ ಆದರೂ ಕೆತ್ತಿದ ಮುಖ ಉಳಿಯುವುದಿಲ್ಲ. ಭಾವ ಯಾವಾಗ ಬಂದರೋ, ಹಿಂದೆ ನಿಂತಿದ್ದರು. ಮೆಷಿನ್ ಮೊದಲಿನಿಂದ ಶುರು ಮಾಡಿತು. ಆಗಿದ್ದ ತಲೆಯ ಮೇಲೆ, ಕೊರಳಿನ ಮೇಲೆ, ಮುಂಗಾಲಿನ ಮೇಲೆ ಬಿಟ್ ಸವರಿಕೊಂಡು ಹೋಯಿತು. ಒಂದು ಚೂರೂ ಏಳಲಿಲ್ಲ. ಹೊಟ್ಟೆ ದಾಟಿದ ಮೇಲೆ ಮರ ಕಡಿಯುವ ಸದ್ದು. ಧೂಳು. ಹಿಂಗಾಲು ಬಂತು.

ಭಾವ ಹೊರಗೆ ಹೋಗಿ ಹರಪನಹಳ್ಳಿಗೆ ಫೋನ್ ಮಾಡಿದರು. ಆ ಸದ್ದಿನಲ್ಲೂ ಕೇಳಿಸಿತು.

“ಗಾಡಿ ಬ್ಯಾಡ್ರಿ... ಇಲ್ರೀ, ಕೊಡಂಗಿಲ್ಲ... ಓಡ್ಸಾರು ಅದಾರ.”

ಬಾಲ ಉಳಿದಿದೆ. ನಾಳೆ ಕರೆಂಟ್ ಬೆಳಿಗ್ಗೆ ಆರಕ್ಕೆ.