ಅರಿಶಿನದ ಕೊಂಬು

ಅಮ್ಮಾ,

ಪೇಚಿ ಚಿಕ್ಕಮ್ಮನ ಎದೆಯ ಗಂಟು ಕ್ಯಾನ್ಸರೇ. ಆದರೆ ಬೇಗ ಸಿಕ್ಕಿದೆ, ವಾಸಿಯಾಗುತ್ತದೆ ಎಂದು ತೂತುಕುಡಿಯ ಡಾಕ್ಟರು ಇವತ್ತು ಹೇಳಿದರು. ಅವಳು ನಿನ್ನ ಹಾಗೆ ನಮ್ಮನ್ನು ಬಿಟ್ಟು ಹೋಗುವುದಿಲ್ಲ.

ಹೋದ ತಿಂಗಳು ಉಪ್ಪಿನ ಆಗರಕ್ಕೆ ಎದೆಯ ಎಕ್ಸ್‌ರೇ ತೆಗೆಯುವ ಪರೀಕ್ಷೆಯ ವ್ಯಾನು ಬಂತು. ಕೊರಳಲ್ಲಿ ಲೋಹ ಇರಬಾರದು ಎಂದು ಅವರು ಹೇಳಿದಾಗ, "ಗಂಡ ಬದುಕಿರುವಾಗ ತಾಳಿ ತೆಗೆಯಲ್ಲ" ಎಂದು ಅವಳೂ ನಿನ್ನಂತೆಯೇ ಹಠ ಹಿಡಿದಳು. ನಾನು ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಚಿಕ್ಕಪ್ಪನಿಗೆ ಕೊಟ್ಟೆ. ಎಲ್ಲರೆದುರು ಅವನು ಅದನ್ನು ಅವಳ ಕೊರಳಿಗೆ ಕಟ್ಟಿ ಬೆನ್ನಿಗೆ ಸರಿಸಿದ. ಚಿನ್ನದ ತಾಳಿ ಅವನ ಜೇಬು ಸೇರಿತು. ಹೆಂಗಸರು ಮದುವೆಯಲ್ಲಿ ಹಾಕುವಂತೆಯೇ ನಾಲಿಗೆ ಹೊರಳಿಸಿ ಕುಲವೆಯ ಕೂಗು ಹಾಕಿದರು.

"ಈ ಸಲ ನಿಮ್ ಕೈ ನಡುಗಲಿಲ್ಲ ನೋಡಿ" ಎಂದು ಚಿಕ್ಕಮ್ಮ ಅವನನ್ನು ನೋಡಿ ನಕ್ಕಳು. ನನ್ನತ್ತ ತಿರುಗಿ, "ಸ್ಕೂಲು ಬಿಟ್ಟ ಕತ್ತೆ, ನಿಂಗೆ ಇದು ಹೆಂಗೆ ಹೊಳೀತು ಕಣೇ?" ಎಂದಳು.

ನಿನ್ನ ಪರೀಕ್ಷೆಯ ದಿನ ಹೊಳೆಯಲಿಲ್ಲ. ನೀನು ಬೇಡವೆಂದು ಹೊರಬಂದದ್ದೇ ನನಗೆ ಖುಷಿಯಾಗಿತ್ತು. ಎದುರಿನ ಅಂಗಡಿಯಲ್ಲಿ ಇಬ್ಬರೂ ಸೋಡಾ ಕುಡಿದೆವು. ಅಲ್ಲಿ ಅರಿಶಿನದ ಕೊಂಬೂ ಇತ್ತು.